ಬೊಗಸೆಬಂಡೆ

ಘಟ್ಟ ಇಳಿದು ಬರುವ ಚಂದಾಳಿ ಹೊಳೆಯ ಎಡದಂಡೆಯಲ್ಲಿ, ಹೊಳೆ ದಾಟುವ ಹಳೆಯ ಕಡವಿನ ಪಕ್ಕ, ಮನೆಯಂಗಳದಷ್ಟು ಅಗಲದ ಕರಿಯ ಬಂಡೆಯೊಂದಿದೆ. ಬೊಗಸೆಬಂಡೆ ಎನ್ನುತ್ತಾರೆ. ಬೆಳಗ್ಗೆ ಬಂದವರಿಗೆ ಅದರ ಬುಡದಲ್ಲಿ ಕಾಣುವುದು ಬರೀ ಉರುಟುಗಲ್ಲು, ನಡುವೆ ಪಾದ ಮುಳುಗುವಷ್ಟು ನೀರು. ಸಂಜೆ ಬಂದವರಿಗೆ ಬಂಡೆ ಅರ್ಧವೇ ಕಾಣುತ್ತದೆ. ಮೇಲೆಲ್ಲೋ ಮಳೆ ಬಿದ್ದಿರಬೇಕು ಎಂದುಕೊಳ್ಳುತ್ತಾರೆ. ಮಳೆಯೂ ಇಲ್ಲ, ಮೋಡವೂ ಇಲ್ಲ. ಹೊಳೆಯನ್ನು ಮೇಲೆ ಕಟ್ಟಿ, ಗುಡ್ಡದ ಹೊಟ್ಟೆಯೊಳಗಿನ ಸುರಂಗದಲ್ಲಿ ಕರೆದೊಯ್ದು, ವಿದ್ಯುತ್ ಮನೆಯಲ್ಲಿ ದುಡಿಸಿ, ತಮಗೆ ಬೇಕಾದಾಗ ಬಿಡುತ್ತಾರೆ. ದೂರದ ಊರುಗಳಲ್ಲಿ ದೀಪ ಹತ್ತುವ ಹೊತ್ತಿಗೆ ಇಲ್ಲಿ ನೀರು ಏರುತ್ತದೆ.

ಹಿಂದೆ ಒಮ್ಮೆ, ಆ ಸುರಂಗ ಇನ್ನೂ ಹೊಸದಾಗಿದ್ದಾಗ, ಈ ಕಡವಿನಲ್ಲಿ ಜಟ್ಟು ಅಂಬಿಗ ಎಂಬವನಿದ್ದನಂತೆ. ಮಳೆಗಾಲದಲ್ಲಿ ದೋಣಿ ನಡೆಸುವುದು, ಬೇಸಿಗೆಯಲ್ಲಿ ಕಾಲ್ನಡಿಗೆಯವರಿಗೆ ದಾರಿ ತೋರಿಸುವುದು ಅವನ ಕೆಲಸ. ಇಳಿಯುವ ಮುನ್ನ ಯಾರೇ ಆಗಲಿ, ಹೊಳೆ ಒಪ್ಪುತ್ತದೆಯೇ ಎಂದು ಅವನನ್ನು ಕೇಳಬೇಕು. ಅವನು ಬಂಡೆಯ ಬುಡದಲ್ಲಿ ಬಾಗಿ ಒಂದು ಬೊಗಸೆ ನೀರೆತ್ತಿ, ಬಣ್ಣ ನೋಡಿ, ಮೂಸಿ, ಉತ್ತರ ಹೇಳುವನು. ಘಟ್ಟದಲ್ಲಿ ಮಳೆಯಾಗಿದ್ದರೆ ನೀರು ಕದಡಿರುತ್ತಿತ್ತು, ಕೊಳೆತ ಎಲೆಯ ವಾಸನೆ ಬರುತ್ತಿತ್ತು. ಅವನ ಅಪ್ಪನೂ ಅಜ್ಜನೂ ಹೀಗೆಯೇ ಹೇಳಿದವರು. ಅವರ ಮಾತು ಕೇಳಿ ದಾಟಿದ ಯಾರನ್ನೂ ಹೊಳೆ ಮುಟ್ಟಿರಲಿಲ್ಲ. ವಿದ್ಯುತ್ ಮನೆಯವರು ಡಂಗುರ ಹೊಡೆಸಿ, ಇನ್ನು ಮುಂದೆ ನೀರು ಯಾವಾಗ ಬೇಕಾದರೂ ಏರೀತು, ಜೋಕೆ ಎಂದಾಗ ಜಟ್ಟು ನಕ್ಕುಬಿಟ್ಟ. "ನಮ್ಮ ಹೊಳೆ ನಮಗೆ ಹೇಳ್ದೆ ಬರ್ತದ್ಯ?" ಎಂದ. ಪಾಪ, ಅದು ಸೊಕ್ಕಲ್ಲ, ನಂಬಿಕೆ.

ತವರಿಗೆ ಬಂದಿದ್ದ ಅವನ ಮಗಳು ಶೇವಂತಿ ಒಂದು ದಿನ ಆಚೆದಂಡೆಯ ಗಂಡನ ಮನೆಗೆ ಹೊರಟಳು. ಬಿಸಿಲು ಇಳಿದಿತ್ತು. ಮನೆಮಗಳಾದರೂ ಕೇಳದೆ ಇಳಿಯುವಂತಿಲ್ಲ. "ಅಪ್ಪಾ, ಹೊಳೆ ಒಪ್ತದ್ಯ?" ಎಂದಳು. ಜಟ್ಟು ಬೊಗಸೆ ಎತ್ತಿದ. ತಿಳಿನೀರು, ವಾಸನೆಯೇ ಇಲ್ಲ. "ಒಪ್ತದೆ ಮಗಾ, ಹೋಗಿ ಬಾ." ಅವಳು ನಡುಹೊಳೆ ಮುಟ್ಟುವಾಗ ನೀರು ಬಂತು. ಕೆಂಪಗಲ್ಲ, ಬೊಗಸೆಯಲ್ಲಿದ್ದಷ್ಟೇ ತಿಳಿಯಾಗಿ, ತಣ್ಣಗೆ, ಸೊಂಟಕ್ಕೆ, ಎದೆಗೆ. ಜಟ್ಟು ಹಾರಿದ, ಈಜಿದ. ಅವಳ ಸೆರಗೂ ಕೈಗೆ ಸಿಗಲಿಲ್ಲ.

ಯಾರನ್ನು ಬೈಯುವುದು? ಅಲ್ಲಿ ವಿದ್ಯುತ್ ಮನೆಯಲ್ಲಿ ಚಕ್ರ ತಿರುಗಿಸಿ ನೀರು ಬಿಟ್ಟವನಿಗೆ ಶೇವಂತಿ ಎಂಬವಳು ಇದ್ದದ್ದೇ ಗೊತ್ತಿರಲಿಲ್ಲ. ಜಟ್ಟುವಿಗೆ ಬೈಯುವಷ್ಟು ತ್ರಾಣವೂ ಉಳಿಯಲಿಲ್ಲ. ದಿನವಿಡೀ ಬಂಡೆಯ ಹತ್ತಿರ ಕೂತು ನೀರೆತ್ತುವುದು, ನೋಡುವುದು, ಚೆಲ್ಲುವುದು. ದಾಟುವವರು ಅಭ್ಯಾಸಬಲದಿಂದ ಕೇಳಿದರೆ, "ನನ್ನ ಕೇಳ್ಬೇಡಿ. ಇದ್ಕೆ ಈಗ ಬೇರೆ ಯಜಮಾನ್ರು," ಎನ್ನುತ್ತಿದ್ದನಂತೆ. ಅವನು ತೀರಿಕೊಂಡ ಮೇಲೆ ಬಂಡೆಗೆ ಈ ಹೆಸರು ನಿಂತಿತು ಎನ್ನುತ್ತಾರೆ.

ಈಗ ಬರುವ ಪ್ರವಾಸಿಗರು ಎಚ್ಚರಿಕೆಯ ಫಲಕದ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆಚೆದಂಡೆಗೆ ಹೋಗಬೇಕಾದ ಊರಿನ ಹೆಂಗಸರು ಮಾತ್ರ ಇಂದಿಗೂ ಬಂಡೆಯ ಬಳಿ ಬಾಗಿ ಒಂದು ಬೊಗಸೆ ನೀರೆತ್ತಿ ನೋಡುವುದನ್ನು ಕಾಣಬಹುದು. ನೀರು ತಿಳಿಯಾಗಿಯೇ ಇರುತ್ತದೆ. ಅದನ್ನು ಚೆಲ್ಲಿ, ಕೈ ಒರೆಸಿಕೊಂಡು, ಅವರು ಸೇತುವೆಯ ಸುತ್ತುದಾರಿ ಹಿಡಿದು ನಡೆಯುತ್ತಾರೆ.