ಬಿಕ್ಕಳಿಕೆ ಪ್ರೊಫೆಸರ ಆಹ್ವಾನ ಪತ್ರಿಕೆಗಳು

ಒಂದು ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರ್ ವಿರೂಪಣ್ಣ ಅಂತ ಪ್ರೊಫೆಸರಿದ್ದರು. ಬಿಕ್ಕಳಿಕೆಯ ಮೇಲೆ ನಲವತ್ತು ಸಂಶೋಧನಾ ಲೇಖನ ಬರೆದವರು. ಅವರಿಗೊಂದು ಸನ್ಮಾನ ಸಮಾರಂಭ ಏರ್ಪಾಡಾಯಿತು. ಲೈಬ್ರರಿ ಗುಮಾಸ್ತನನ್ನು ಕರೆಸಿದರು.

"ನೋಡಯ್ಯಾ, ನನ್ನ ಲೇಖನಗಳನ್ನ ಲೋಕದಲ್ಲಿ ಮುನ್ನೂರು ಸಲ ಉಲ್ಲೇಖ ಮಾಡಿದ್ದಾರೆ. ಒಂದೊಂದು ಉಲ್ಲೇಖಕ್ಕೂ ಒಂದೊಂದು ಆಹ್ವಾನ ಪತ್ರಿಕೆ, ಉಲ್ಲೇಖ ಮಾಡಿದವರ ಹೆಸರಿಗೇ ಹೋಗ್ಬೇಕು. ಒಂದು ತಪ್ಪಿದ್ರೂ ನಿನ್ನ ಬಡ್ತಿ ಮರೆತುಬಿಡು!"

ಗುಮಾಸ್ತನಿಗೂ ಕುತೂಹಲ. ಬಿಕ್ಕಳಿಕೆಗೆ ಇಷ್ಟು ತಲೆ ಕೆಡಿಸಿಕೊಂಡವರು ಯಾರಪ್ಪ? ಒಂದು ವಾರ ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಲೇಖನ ತೆಗೆದು ನೋಡಿದ. ನೋಡುತ್ತ ನೋಡುತ್ತ ಮೀಸೆಯಲ್ಲೇ ನಕ್ಕ. ಮುನ್ನೂರು ಪತ್ರಿಕೆಗೂ ವಿಳಾಸ ಬರೆದು ಅಂಚೆಗೆ ಹಾಕಿದ.

ನಾಲ್ಕನೇ ದಿನ ಪೋಸ್ಟ್‌ಮ್ಯಾನ್ ಬಂದು ಪ್ರೊಫೆಸರ ಮೇಜಿನ ಮೇಲೆ ಒಂದು ಚೀಲ ಸುರಿದ. ಎಲ್ಲದರ ಮೇಲೂ ಒಂದೇ ಹೆಸರು: ಡಾಕ್ಟರ್ ವಿರೂಪಣ್ಣ.

"ಏನಯ್ಯಾ ಇದು?"

"ತಾವು ಹೇಳಿದ ಹಾಗೇ ಸಾರ್. ನಿಮ್ಮ ಲೇಖನಗಳನ್ನ ಉಲ್ಲೇಖ ಮಾಡಿದೋರು ನೀವೇ. ಒಂದೂ ತಪ್ಪಿಸಿಲ್ಲ."

ಪ್ರೊಫೆಸರು ಬೆವರು ಒರೆಸಿಕೊಳ್ಳುತ್ತ ಎಣಿಸಿದರು. ಇನ್ನೂರ ತೊಂಬತ್ತೊಂಬತ್ತು. ಮುಖ ಅರಳಿತು.

"ಇನ್ನೊಂದು ಯಾರಿಗೆ ಹೋಯ್ತು?"

"ರಾಯಚೂರಿನ ಒಬ್ಬ ಡಾಕ್ಟರಮ್ಮನಿಗೆ ಸಾರ್. ನೀವು ಹೇಳೋ ಮದ್ದಿಗೆ ಬಿಕ್ಕಳಿಕೆ ನಿಲ್ಲೋದೇ ಇಲ್ಲ ಅಂತ ಬರೆದಿದ್ದಾರೆ. ಖಂಡಿತ ಬರ್ತೀನಿ, ಮಾತಾಡೋಕೆ ಮೈಕ್ ಕೊಡಿ ಅಂತ ಫೋನ್ ಮಾಡಿದ್ರು."

ಪ್ರೊಫೆಸರಿಗೆ ಬಿಕ್ಕಳಿಕೆ ಶುರುವಾಯಿತು.

ಗುಮಾಸ್ತ ಓಡಿಹೋಗಿ ನೀರು ತಂದುಕೊಟ್ಟ. "ಯಾರೋ ನೆನೆಸ್ಕೊಳ್ತಿದ್ದಾರೆ ಸಾರ್," ಅಂದ. "ಈ ಸಲ ಬೇರೆಯವರು."