ಮಿಲ್ಕವ್ವನ ಪ್ರಾರ್ಥನೆ ನಿಂತುಹೋದ ಶುಕ್ರವಾರ

ನೇಕಾರರ ಓಣಿಯ ಕೊನೆಯಲ್ಲಿ, ಕ್ರೈಸ್ತ ದೇವಾಲಯದ ಹಿಂಗೋಡೆಗೆ ಹೊಂದಿಕೊಂಡಂತೆ ಒಂದು ಸಣ್ಣ ಕೋಣೆ ಇತ್ತು. ಪೂಜ್ಯ ತಬಿತಮ್ಮನವರು ತಮ್ಮ ಕಡೆಯ ವರ್ಷಗಳನ್ನು ಕಳೆದದ್ದು ಅಲ್ಲಿ. ಒಳಗೆ ಒಂದು ಚಾಪೆ, ಒಂದು ಒಲೆ, ಗೋಡೆಯ ಗೂಡಿನಲ್ಲಿ ಸತ್ಯವೇದ, ಮೂಲೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ. ಪ್ರಾಯದಲ್ಲಿ ಅವರು ಮನೆಮನೆಗೆ ನಡೆದು ಹೆಣ್ಣುಮಕ್ಕಳಿಗೆ ದೇವರ ವಾಕ್ಯವನ್ನು ಓದಿ ಹೇಳುವ ಸೇವೆಯಲ್ಲಿದ್ದರು. ಕಾಲು ಸೋತ ಮೇಲೆ ಹೆಣ್ಣುಮಕ್ಕಳೇ ಅವರಲ್ಲಿಗೆ ಬರತೊಡಗಿದರು. ಬಂದವರು ತಮ್ಮ ಕಷ್ಟ ಹೇಳಿ ಹೇಳಿ ದಣಿಯುವವರೆಗೂ ತಬಿತಮ್ಮನವರು ರೊಟ್ಟಿ ಬಡಿಯುತ್ತ ಕೇಳುತ್ತಿದ್ದರು. ಕೊನೆಗೆ ಒಂದು ಮಾತು ಹೇಳಿ, ಒಂದು ಬಿಸಿ ರೊಟ್ಟಿಯನ್ನು ಕೈಗಿಡುತ್ತಿದ್ದರು. ಕೆಲವರು ರೊಟ್ಟಿಯ ಆಸೆಗೇ ಬರುತ್ತಿದ್ದರೆಂದು ಹೇಳುವವರಿದ್ದಾರೆ. ಇರಬಹುದು. ಹೊಟ್ಟೆಯ ದಾರಿಯಿಂದ ಬಂದವರನ್ನೂ ಕರ್ತನು ಹಿಂದಕ್ಕೆ ಕಳಿಸಿದ್ದನ್ನು ನಾವು ಕೇಳಿಲ್ಲ.

ಅದೇ ಓಣಿಯಲ್ಲಿ ಮಿಲ್ಕವ್ವನೆಂಬ ವಿಧವೆ ಇದ್ದಳು. ಆಕೆ ಭಕ್ತೆಯಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಭಾನುವಾರದ ಆರಾಧನೆಗೆ ಎಲ್ಲರಿಗಿಂತ ಮೊದಲು ಬಂದು ಕೂಡುವವಳು ಆಕೆಯೇ. ಆದರೆ ಆಮೇಲೆ ಯಾರು ಯಾರು ಎಷ್ಟು ತಡಮಾಡಿ ಬರುತ್ತಾರೆಂದು ನೋಡುವುದೂ ಆಕೆಯ ಆರಾಧನೆಯ ಒಂದು ಭಾಗವಾಗಿತ್ತು. ಆಕೆಗೆ ಎಲ್ಲರ ಮೇಲೂ ಗುಮಾನಿ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದೇ ಅರ್ಥ; ನೆರೆಯವಳು ತಾನಾಗಿ ಸಾರು ತಂದುಕೊಟ್ಟರೆ ಅದು ಹಳಸಿದ್ದೇ ಇರಬೇಕು. ತಬಿತಮ್ಮನವರು ಆಗಾಗ ಮಾಡುತ್ತಿದ್ದ ಉಪವಾಸವನ್ನೂ ಆಕೆ ಶಂಕಿಸದೆ ಬಿಟ್ಟಿರಲಿಲ್ಲ. "ಉಪವಾಸ ಮಾಡಾಕಿ ಹಿಟ್ಟಿನ ಡಬ್ಬಿ ತುಂಬಿ ಯಾಕ ಇಟ್ಕೊಂಡಾಳ?" ಎಂದು ಬಾವಿಯ ಕಟ್ಟೆಯ ಮೇಲೆ ಕೇಳಿದ್ದಳು.

ಮಿಲ್ಕವ್ವನ ಒಬ್ಬನೇ ಮಗ ಎಲ್ಕಾನ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿ ಬೇರೆ ಊರಿನಲ್ಲಿದ್ದ. ಅವನಿಗೆ ಹೆಣ್ಣು ನೋಡುವಾಗ ತಾಯಿ ಹಿಡಿದದ್ದು ಒಂದೇ ಹಠ. ಸೊಸೆ ಸತ್ಯವೇದ ಓದಬಲ್ಲವಳಾಗಿರಬೇಕು. ಮಿಲ್ಕವ್ವನ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಂತಾಗಿತ್ತು, ಸಂಜೆಯ ಮನೆಪ್ರಾರ್ಥನೆ ವೇದಪಾಠವಿಲ್ಲದೆ ಬರಿದಾಗಿತ್ತು. ಆ ವಿಷಯದಲ್ಲಿ ಆಕೆಯ ದುಃಖ ನಿಜವಾದದ್ದು. ಕೊನೆಗೆ ದೂರದ ಹಳ್ಳಿಯ ಸುಮತಿಯೆಂಬ ಹುಡುಗಿ ಗೊತ್ತಾದಳು. "ನಾಲ್ಕನೇ ಇಯತ್ತೆ ಪಾಸಾಗ್ಯಾಳ್ರಿ, ನೀರು ಕುಡಿದಂಗ ಓದ್ತಾಳ" ಎಂದು ಅವಳ ಅಣ್ಣ ತಿಮೋಥಿ ಮಾತು ಕೊಟ್ಟ. ಮದುವೆಯಾಯಿತು. ಎಲ್ಕಾನನಿಗೆ ಅಲ್ಲಿ ಮನೆ ಸಿಗುವವರೆಗೆ ಸುಮತಿ ಅತ್ತೆಯ ಬಳಿ ಉಳಿದಳು.

ಸಂಜೆ ದೀಪ ಹಚ್ಚಿದ ಮೇಲೆ ಸುಮತಿ ಸತ್ಯವೇದವನ್ನು ಮಡಿಲಲ್ಲಿಟ್ಟುಕೊಂಡು ಐವತ್ತೊಂದನೆಯ ಕೀರ್ತನೆ ಓದಿದಳು. ತಡವರಿಸದೆ, ಉಸಿರಿನ ಜಾಗದಲ್ಲಿ ಉಸಿರು ತೆಗೆದುಕೊಂಡು ಓದಿದಳು. ಮಿಲ್ಕವ್ವನ ಕಣ್ಣಲ್ಲಿ ನೀರು ಬಂತು. ಮರುದಿನವೂ ಅದೇ ಕೀರ್ತನೆ. ಅದರ ಮರುದಿನವೂ ಅದೇ. ಆಗ ಮಿಲ್ಕವ್ವನ ಕಣ್ಣೀರು ಆರಿ, ತಲೆ ಕೆಲಸ ಮಾಡತೊಡಗಿತು.

ಐವತ್ತೊಂದನೆಯ ಕೀರ್ತನೆ ಯಾವುದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ದಾವೀದರಸನು ಪರರ ಹೆಂಡತಿಯ ವಿಷಯದಲ್ಲಿ ಬಿದ್ದು, ಆಮೇಲೆ ದೇವರ ಮುಂದೆ ಅತ್ತು ಹಾಡಿದ ಪಶ್ಚಾತ್ತಾಪದ ಕೀರ್ತನೆ ಅದು. ಹೊಸದಾಗಿ ಮದುವೆಯಾದ ಹುಡುಗಿಗೆ ಅಂಥ ಪಶ್ಚಾತ್ತಾಪ ಏಕೆ ಬೇಕು? ತಪ್ಪು ಮಾಡದವಳು ದಿನಾ ತಪ್ಪಾಯಿತೆಂದು ಏಕೆ ಮೊರೆಯಿಡುತ್ತಾಳೆ? ಪರೀಕ್ಷಿಸುವುದಕ್ಕೆಂದು ಮಿಲ್ಕವ್ವ ಒಂದು ಸಂಜೆ, "ಇವತ್ತ ಬ್ಯಾರೆ ಏನರ ಓದವಾ" ಅಂದಳು. ಸುಮತಿ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚಿ, ಕುರುಬನ ಕೀರ್ತನೆಯನ್ನು ಅರ್ಧದವರೆಗೆ ಓದಿ, ತಲೆ ನೋಯುತ್ತದೆಂದು ಎದ್ದುಬಿಟ್ಟಳು. ಹಾಳೆ ಮಗುಚಿದ ಆ ಸದ್ದೇ ಮಿಲ್ಕವ್ವನಿಗೆ ಸಾಕಾಯಿತು.

ಅಂದಿನಿಂದ ಆಕೆ ಮೈಯೆಲ್ಲ ಕಿವಿಯಾದಳು. ಮಧ್ಯಾಹ್ನ ತಾನು ಮಲಗಿದ ಮೇಲೆ ಹಿತ್ತಲ ಬಾಗಿಲು ಸಣ್ಣಗೆ ಕಿರುಗುಟ್ಟುವುದು ಆಕೆಗೆ ಕೇಳಿತು. ಒಂದು ದಿನ ಸುಳ್ಳೇ ಗೊರಕೆ ಹೊಡೆದು, ಎದ್ದು, ಗೋಡೆ ಹಿಡಿದು ಹಿಂದೆ ಹೋದಳು. ಸೊಸೆಯ ಸೀರೆಯ ಬಣ್ಣ ತಬಿತಮ್ಮನವರ ಕೋಣೆಯೊಳಗೆ ಮರೆಯಾಯಿತು. ಹಿಂದಿರುಗಿದಾಗ ಸುಮತಿಯ ಬೆರಳಿಗೆ ಬಿಳಿಯ ಪುಡಿ ಮೆತ್ತಿಕೊಂಡಿತ್ತು. ಕೈ ಹಿಡಿದು ನೋಡಿದ ನೆವದಲ್ಲಿ ಮಿಲ್ಕವ್ವ ಅದನ್ನು ಮುಟ್ಟಿ ತಿಳಿದುಕೊಂಡಳು. ಊರಲ್ಲಿ ಅತ್ತೆಗೆ ಮದ್ದು ಹಾಕುವ ಸೊಸೆಯರ ಕಥೆಗಳಿಗೆ ಬರವಿಲ್ಲ. ಅಂದಿನಿಂದ ಸೊಸೆ ಬಡಿಸಿದ ಊಟದ ಮೊದಲ ತುತ್ತು ಬೆಕ್ಕಿಗೆ ಹೋಯಿತು. ಬೆಕ್ಕು ದಿನದಿನಕ್ಕೆ ದುಂಡಗಾಯಿತು, ಮಿಲ್ಕವ್ವನ ಸಂಶಯ ಮಾತ್ರ ತೆಳ್ಳಗಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಅದೇ ಓಣಿಯ ರೂತವ್ವನ ಪಡಸಾಲೆಯಲ್ಲಿ ಸ್ತ್ರೀಯರ ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಅಲ್ಲಿ ಪ್ರತಿಯೊಬ್ಬರೂ ತಮ್ಮ ಪ್ರಾರ್ಥನಾ ವಿಷಯ ಹೇಳುವುದು ರೂಢಿ. ತನ್ನ ಸರದಿ ಬಂದಾಗ ಮಿಲ್ಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮ ಸೊಸಿ ಸಲುವಾಗಿ ಪ್ರಾರ್ಥನಾ ಮಾಡ್ರಿ. ಏನಂತ ಕೇಳಬ್ಯಾಡ್ರಿ, ಮನಿ ಮಾತು ಹೊರಗ ಹೇಳಬಾರದು. ದೇವರಿಗೆ ಎಲ್ಲಾ ಗೊತ್ತೈತಿ" ಅಂದಳು.

ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವೇ ಇರಲಿಲ್ಲ. ಸ್ತ್ರೀಯರು ಎಂದೂ ಇಲ್ಲದ ಆಸಕ್ತಿಯಿಂದ ಮೊಣಕಾಲೂರಿದರು. ಒಬ್ಬಳು ಪ್ರಾಯದ ಹೆಣ್ಣುಮಕ್ಕಳನ್ನು ಬಲೆಗಳಿಂದ ತಪ್ಪಿಸಬೇಕೆಂದು ದೇವರನ್ನು ಬೇಡಿದಳು. ಇನ್ನೊಬ್ಬಳು ಗಂಡ ಊರಲ್ಲಿಲ್ಲದ ಮನೆಗಳಿಗೆ ಕಾವಲು ಕೇಳಿದಳು. ಮೂರನೆಯವಳು ದವಾಖಾನೆಯ ಕಂಪೌಂಡರನಿಗೂ ಒಳ್ಳೆಯ ಬುದ್ಧಿ ಕೊಡಬೇಕೆಂದು ಬಿನ್ನವಿಸಿದಳು. ಆ ಪಾಪದ ಕಂಪೌಂಡರ ಅಲ್ಲಿಗೆ ಹೇಗೆ ಬಂದನೋ ಯಾರಿಗೂ ತಿಳಿಯದು. ಆಮೆನ್ ಅನ್ನುವ ಹೊತ್ತಿಗೆ ಅವನು ಮಿಲ್ಕವ್ವನ ಸೊಸೆಗೆ ಗಂಟುಬಿದ್ದಿದ್ದ. ಪ್ರಿಯ ಸಹೋದರಿಯರೇ, ಇಂಥ ಪ್ರಾರ್ಥನೆಯನ್ನು ನಾವೆಂದೂ ಮಾಡಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಅಂಗಳದಲ್ಲಿ ನಿಂತು ಆಡಿದ್ದರೆ ಚಾಡಿ ಎನಿಸುತ್ತಿದ್ದ ಮಾತು, ಮೊಣಕಾಲೂರಿ ಆಡಿದ್ದರಿಂದ ಭಕ್ತಿ ಎನಿಸಿಕೊಂಡಿತು.

ಮಾತು ಸಭೆಯ ಹಿರಿಯರವರೆಗೆ ಹೋಯಿತು. ಮಿಲ್ಕವ್ವ ಸುಮತಿಯ ಅಣ್ಣನಿಗೆ ಹೇಳಿಕಳಿಸಿದಳು: ಬರುವ ಶನಿವಾರ ಬಂದು ತಂಗಿಯನ್ನು ಕರೆದುಕೊಂಡು ಹೋಗಬೇಕು, ಮತ್ತೆ ಕಳಿಸುವುದು ಬೇಡ. ಸುಮತಿಗೆ ಇದು ತಿಳಿಯಿತು. ಅವಳು ಏನೂ ಕೇಳಲಿಲ್ಲ, ನೀರು ತರುವುದನ್ನೂ ರೊಟ್ಟಿ ಮಾಡುವುದನ್ನೂ ನಿಲ್ಲಿಸಲಿಲ್ಲ. ಇಷ್ಟಾದರೂ ಬಾಯಿ ಬಿಡದಿರುವುದೇ ಅಪರಾಧಕ್ಕೆ ಸಾಕ್ಷಿಯೆಂದು ಮಿಲ್ಕವ್ವ ತೀರ್ಮಾನಿಸಿದಳು.

ಆದರೂ ಒಂದು ಕೆಲಸ ಬಾಕಿಯಿತ್ತು. ಈ ಸಂಚಿನಲ್ಲಿ ತಬಿತಮ್ಮನವರ ಪಾಲೆಷ್ಟು ಎಂಬುದನ್ನು ಹೊರಗೆಳೆಯಬೇಕಿತ್ತು. ಊರೆಲ್ಲ ಕೈಮುಗಿಯುವ ಆ ಮುದುಕಿಯ ಬಾಯಿಂದ ಒಂದು ಸುಳ್ಳು ಹೊರಡಿಸಿದರೆ ಸಾಕು ಎಂದುಕೊಂಡು ಮಿಲ್ಕವ್ವ ಆ ಕೋಣೆಗೆ ಹೋದಳು. ಅಮ್ಮನವರು ಒಲೆಯ ಮುಂದಿದ್ದರು.

"ನಮ್ಮ ಸೊಸಿ ನಿಮ್ಮಲ್ಲಿ ಬರ್ತಾಳೇನ್ರಿ ಅಮ್ಮಾರ?"

"ಬರ್ತಾಳ."

ಸುಳ್ಳನ್ನು ಹಿಡಿಯಲು ಬಂದವಳಿಗೆ ನಿಜ ಕೈಗೆ ಬಿದ್ದು ತಬ್ಬಿಬ್ಬಾಯಿತು. "ಯಾಕ ಬರ್ತಾಳ?"

"ಅದನ್ನ ಆಕೀನ್ನ ಕೇಳು."

"ಆಕೀ ಖರೇ ಹೇಳ್ತಾಳಂತ ಏನ್ ನಂಬಿಗಿ ಐತ್ರಿ?"

"ಕೇಳಿ ನೋಡೀ ಏನು?"

ಮಿಲ್ಕವ್ವ ನೆರೆಯವರನ್ನು ಕೇಳಿದ್ದಳು, ಹಾಲಿನವನನ್ನು ಕೇಳಿದ್ದಳು, ದೇವರನ್ನಂತೂ ದಿನವೂ ಕೇಳುತ್ತಿದ್ದಳು. ಸೊಸೆಯನ್ನು ಮಾತ್ರ ಕೇಳಿರಲಿಲ್ಲ. ಆದರೆ ಅದು ತನ್ನ ತಪ್ಪೆಂದು ಆಕೆಗೆ ಆಗ ಅನ್ನಿಸಲಿಲ್ಲ. ಮುದುಕಿ ಜಾಣೆ, ಜಾರಿಕೊಂಡಳು ಎಂದಷ್ಟೇ ಅಂದುಕೊಂಡಳು. ಅಮ್ಮನವರು ಕೊಟ್ಟ ರೊಟ್ಟಿಯನ್ನು ಸೆರಗಿನಲ್ಲಿ ಸುತ್ತಿ ತಂದು ಬೆಕ್ಕಿಗೆ ಹಾಕಿದಳು.

ಶನಿವಾರಕ್ಕೆ ಮುಂಚಿನ ಶುಕ್ರವಾರ ಬಂತು. ಕಾಲುನೋವಿನಿಂದ ಬಹುದಿನ ಕೂಟಕ್ಕೆ ಬಾರದಿದ್ದ ತಬಿತಮ್ಮನವರು ಅಂದು ಕೋಲೂರಿಕೊಂಡು ಬಂದು ಬಾಗಿಲ ಹತ್ತಿರ ಕುಳಿತರು. ಮಿಲ್ಕವ್ವನ ಸರದಿ ಬಂತು. ಅಮ್ಮನವರ ಎದುರಿಗೇ ಹೇಳಿಬಿಡೋಣವೆಂದು ಆಕೆ ಧ್ವನಿ ಏರಿಸಿ, "ನಮ್ಮ ಸೊಸಿ ಸಲುವಾಗಿ…" ಎಂದು ಆರಂಭಿಸಿದಳು.

"ತಡಿ," ಅಂದರು ತಬಿತಮ್ಮನವರು. "ಆಕೀನ್ನ ಕರೀರಿ."

ರೂತವ್ವನೇ ಎದ್ದು ಹೋಗಿ ಕರೆತಂದಳು. ಸುಮತಿ ಹಿಟ್ಟಿನ ಕೈಯಲ್ಲೇ ಬಂದು, ಇಷ್ಟು ಜನರ ಕಣ್ಣು ತನ್ನ ಮೇಲಿರುವುದನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಅಮ್ಮನವರು ಅವಳನ್ನು ಮಿಲ್ಕವ್ವನ ಮಗ್ಗುಲಿಗೆ ಕೂರಿಸಿದರು.

"ಮಿಲ್ಕವ್ವಾ, ಈಗ ಮಾಡು ಪ್ರಾರ್ಥನಾ. ಆಕೀ ಮುಂದ ಮಾಡಾಕ ಬಾರದ ಪ್ರಾರ್ಥನಾ ದೇವರ ಮುಂದೂ ಬ್ಯಾಡ."

ಹಿಂದೆ ಸರಿದರೆ ಸೋತಂತೆ ಎಂದು ಮಿಲ್ಕವ್ವ ಮೊಣಕಾಲೂರಿದಳು. "ಕರುಣಾಳುವಾದ ತಂದೆಯೇ, ನಿನ್ನ ದಾಸಿಯಾದ ನಾನು ಈ ಮಗಳ ವಿಷಯವಾಗಿ…" ಮುಂದಿನ ಮಾತುಗಳೆಲ್ಲ ಸಿದ್ಧವಾಗಿಯೇ ಇದ್ದವು. ಕತ್ತಲ ಕ್ರಿಯೆಗಳು, ಕಪಟ, ಮನೆಗೆ ಬಂದ ಕಳಂಕ, ಎಲ್ಲವೂ. ಆದರೆ ಪಕ್ಕದಿಂದ ಜೋಳದ ಹಿಟ್ಟಿನ ವಾಸನೆ ಬರುತ್ತಿತ್ತು. ಮಿಲ್ಕವ್ವ ಒಂದು ಕಣ್ಣು ತೆರೆದಳು. ಸುಮತಿ ಕೈ ಜೋಡಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ತಲೆ ತಗ್ಗಿಸಿದ್ದಳು. ತನ್ನನ್ನು ಕಳಿಸಿಬಿಡುವ ಮುನ್ನ ಅತ್ತೆ ತನಗಾಗಿ ದೇವರಲ್ಲಿ ಏನೋ ಒಳ್ಳೆಯದನ್ನು ಬೇಡುತ್ತಿದ್ದಾಳೆಂದು ಆ ಹುಡುಗಿ ನಂಬಿದ್ದಳು. ಅಷ್ಟು ಹತ್ತಿರದಿಂದ ಪೊರೆಗಣ್ಣಿಗೂ ಅದು ಕಂಡಿತು. ಮಿಲ್ಕವ್ವನ ಪ್ರಾರ್ಥನೆ ಅಲ್ಲಿಗೇ ನಿಂತಿತು.

ಮಿಲ್ಕವ್ವ ದೇವರಿಂದ ಸೊಸೆಯ ಕಡೆಗೆ ತಿರುಗಿದಳು.

"ಸುಮತಿ, ದಿನಾ ಆ ಒಂದ ಕೀರ್ತನೆ ಯಾಕ ಓದ್ತಿ? ಏನ್ ತಪ್ಪು ಮಾಡೀ ನೀ?"

ಸುಮತಿ ತಬಿತಮ್ಮನವರ ಮುಖ ನೋಡಿದಳು. ಅಮ್ಮನವರು ಅತ್ತೆಯ ಕಡೆಗೆ ಕೈ ತೋರಿದರು.

"ನನಗ ಓದಾಕ ಬರೂದಿಲ್ರಿ ಅತ್ತಿ."

"ಸತ್ಯವೇದ ಹಿಡ್ಕೊಂಡು ಓದ್ತಿದ್ದಿಯಲ್ಲ?"

"ಅದು ಬಾಯಿಪಾಠ್ರಿ. ನಮ್ಮ ಆಯಿ ಬೀಸೂಮುಂದ ಹೇಳತಿದ್ಲು. ಅದೊಂದು ಪೂರಾ ಬರ್ತೈತಿ, ಉಳಿದಾವು ಅರ್ಧಾಮರ್ಧಾ. ನಡುವ ತಪ್ಪಿದ್ರ ಗೊತ್ತಾಗ್ತೈತಿ ಅಂತ ಹೆದರಿ ಅದನ್ನ ಹೇಳತಿದ್ದೆ. ನಮ್ಮ ಅಣ್ಣ ನಿಮಗ ಸುಳ್ಳು ಹೇಳ್ಯಾನ್ರಿ. ನಾ ಸಾಲಿ ಕಟ್ಟಿ ಹತ್ತಿಲ್ಲ. ನಿಮಗ ಗೊತ್ತಾಗೂದ್ರಾಗ ಕಲೀಬೇಕಂತ ಅಮ್ಮಾರ ಕಡೆ ಹೋಗಿ ಪಾಟಿ ಮ್ಯಾಲ ತಿದ್ದತೀನಿ. ಯಾರಿಗೂ ಹೇಳಬ್ಯಾಡ್ರಿ ಅಂತ ಅಮ್ಮಾರ ಕಾಲು ಹಿಡಿದಿದ್ದೆ."

ಬೆರಳಿನ ಬಿಳಿಯ ಪುಡಿ ಬಳಪದ್ದಾಗಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಕಂಪೌಂಡರನಿಗಾಗಿ ಪ್ರಾರ್ಥಿಸಿದವಳು ತನ್ನ ಸೆರಗಿನ ಅಂಚನ್ನು ನೋಡತೊಡಗಿದಳು. ಮಿಲ್ಕವ್ವ ಯಾರನ್ನೂ ನೋಡದೆ ಎದ್ದು ಹೊರಟುಹೋದಳು.

ಮಿಲ್ಕವ್ವನ ಸಂಶಯಕ್ಕೆ ಬುಡವೇ ಇರಲಿಲ್ಲವೆಂದು ನಾವು ಹೇಳಲಾರೆವು. ಮನೆಯಲ್ಲಿ ಒಂದು ಗುಟ್ಟು ಇದ್ದದ್ದು ನಿಜ. ಆಕೆಗೆ ಮೋಸವಾದದ್ದೂ ನಿಜ. ಓದುವ ಸೊಸೆಯನ್ನು ಕೇಳಿದವಳಿಗೆ ಓದು ಬಾರದ ಸೊಸೆಯನ್ನು ಕೊಟ್ಟಿದ್ದರು. ಮರುದಿನ ತಿಮೋಥಿ ಬರುವವನಿದ್ದ, ಹುಡುಗಿಯನ್ನು ಹಿಂದಕ್ಕೆ ಕಳಿಸಲು ಈಗ ಆಕೆಯ ಕೈಯಲ್ಲಿ ಗಟ್ಟಿಯಾದ ಕಾರಣವಿತ್ತು. ಹಿರಿಯರೂ ಬೇಡವೆನ್ನುತ್ತಿರಲಿಲ್ಲ.

ಆ ಸಂಜೆ ಮಿಲ್ಕವ್ವ ಮತ್ತೆ ತಬಿತಮ್ಮನವರಲ್ಲಿಗೆ ಹೋದಳು. "ಅವತ್ತ ನಾ ಬಂದು ಕೇಳಿದಾಗ ನೀವ ಯಾಕ ಹೇಳಲಿಲ್ರಿ? ಇಷ್ಟೆಲ್ಲಾ ಆಗತಿರಲಿಲ್ಲ."

"ಅದು ಆಕೀ ಮಾತು, ನಂದಲ್ಲ," ಅಂದರು ಅಮ್ಮನವರು. ರೊಟ್ಟಿಯನ್ನು ಹೆಂಚಿನ ಮೇಲೆ ತಿರುವಿ ಹಾಕಿ, "ನಾ ಹೇಳಿದ್ರ ನೀ ನನ್ನ ನಂಬತಿದ್ದಿ. ನಾ ಸತ್ತ ಮ್ಯಾಲ ಯಾರನ್ನ ಕೇಳತಿದ್ದಿ?" ಎಂದರು.

ಮಿಲ್ಕವ್ವ ಗೋಡೆಗೊರಗಿ ಕುಳಿತು ಅತ್ತಳು. ಅಷ್ಟು ವರ್ಷ ಎಲ್ಲರನ್ನೂ ಕಾಯ್ದು ಕಾಯ್ದು ದಣಿದಿದ್ದಳೆಂದು ಆಕೆಗೇ ಆಗ ತಿಳಿಯಿತಂತೆ. ಅಮ್ಮನವರು ರೊಟ್ಟಿಯನ್ನು ಕೈಗಿಟ್ಟರು. ಆಕೆ ಅಲ್ಲೇ ಕುಳಿತು ತಿಂದಳು.

ಶನಿವಾರ ತಿಮೋಥಿ ಬಂದ. ಗುಟ್ಟು ರಟ್ಟಾದ ಸುದ್ದಿ ಅವನಿಗೆ ಬಸ್ಸಿಳಿದಲ್ಲೇ ಸಿಕ್ಕಿತ್ತು. ತಲೆ ಎತ್ತದೆ, ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲೇ ನಿಂತು, "ತಪ್ಪಾತ್ರಿ ಅತ್ತಿ. ನಾ ಸುಳ್ಳು ಹೇಳಿದೆ. ತಂಗೀನ ಕಳಸ್ರಿ, ಕರ್ಕೊಂಡು ಹೋಗ್ತೀನಿ" ಅಂದ. ಒಳಗೆ ಸುಮತಿ ತನ್ನ ಸೀರೆಗಳನ್ನು ಗಂಟು ಕಟ್ಟಿ ಇಟ್ಟಿದ್ದಳು. ಅತ್ತೆ ಇನ್ನೂ ಒಂದು ಮಾತೂ ಆಡಿರಲಿಲ್ಲವಾದ್ದರಿಂದ ಅವಳಿಗೆ ಬೇರೆ ದಾರಿ ತೋಚಿರಲಿಲ್ಲ.

ಮಿಲ್ಕವ್ವ ಕೈಕಾಲಿಗೆ ನೀರು ತಂದಿಟ್ಟಳು.

"ನೀವು ಸುಳ್ಳು ಹೇಳಿದ್ರಿ, ಖರೇ. ಆದ್ರ ನೀವು ಜಗಲಿ ಮ್ಯಾಲ ಕುಂತು ಹೇಳಿದ್ರಿ. ನಾ ಮಣಕಾಲೂರಿ ದೇವರ ಮುಂದ ಹೇಳೀನಿ. ಯಾರ್ದು ದೊಡ್ಡದು ಅಂತ ತೂಗಾಕ ನನಗ ಧೈರ್ಯ ಇಲ್ಲ. ಒಳಗ ಬರ್ರಿ, ಊಟಾ ಮಾಡ್ರಿ."

ತಿಮೋಥಿ ಏನೂ ತಿಳಿಯದೆ, "ಮತ್ತ ತಂಗಿ?" ಎಂದು ಕೇಳಿದ.

"ಆಕೀ ಬರಾಕ ಆಗೂದಿಲ್ಲ," ಅಂದಳು ಮಿಲ್ಕವ್ವ. "ಇನ್ನೂ ಒತ್ತಕ್ಷರ ಕಲಿಯೂದೈತಿ. ನಡುವ ಬಿಡಿಸಿದ್ರ ಅಮ್ಮಾರು ನನಗ ಬೈತಾರ."