ಹೊರಗೆ ಕೂತ ನಾಯಕ

ಆರನೆಯ ಪಂದ್ಯ ಸೋತ ಮರುದಿನ ಬೆಳಿಗ್ಗೆ ರಾಯಗೊಂಡ ಹೊಳೆದಂಡೆಯ ಮಠಕ್ಕೆ ಬಂದ. ಜಿಲ್ಲಾ ಕಬಡ್ಡಿ ತಂಡದ ನಾಯಕ ಅವನು. ಸಿಟ್ಟಿನಲ್ಲಿ ಚಪ್ಪಲಿ ಬಿಡುವುದನ್ನೂ ಮರೆತಿದ್ದ.

ಮಠದ ಚನ್ನವೀರಯ್ಯ ಅಜ್ಜಾರು ಕಬಡ್ಡಿ ಅಂಕಣದ ಕೆಂಪುಮಣ್ಣಿನಲ್ಲಿ ಕೂತು ಹರಳುಗಲ್ಲು ಆರಿಸುತ್ತಿದ್ದರು. ಹರೆಯದಲ್ಲಿ ಅವರೂ ಆಡಿದವರು. ಈಗ ಈ ತಂಡವನ್ನು ಆಡಿಸುವವರು.

"ಚಪ್ಪಲಿ," ಎಂದರು.

ರಾಯಗೊಂಡ ಹೋಗಿ ಬಿಟ್ಟು ಬಂದ.

"ದುಂಡಪ್ಪನ್ನ ತಂಡದಿಂದ ತೆಗೀರಿ ಅಜ್ಜಾರ."

"ಯಾಕ?"

"ಅಂಜುಬುರುಕ. ನಿನ್ನೆ ನಾ ಔಟಾಗಿ ಹೊರಗ ಕುಂತೆ, ಹನ್ನೊಂದು ನಿಮಿಷ. ಅವ ರೈಡಿಗೆ ಹೋಗಿ ಎದುರಿನವರೊಳಗ ಒಬ್ಬನ್ನ ಮುಟ್ಟಿ ಬಂದಿದ್ರ ಸಾಕಿತ್ತು, ನಾ ಒಳಗ ಬರ್ತಿದ್ದೆ. ಮುಟ್ಟಲಿಲ್ಲ."

"ಅಂಕ ತರಲಿಲ್ಲೇನು?"

"ತಂದ, ಐದು. ಐದೂ ಬೋನಸ್."

ಆಟದ ಕಟ್ಟಳೆ ಸರಳ. ಎದುರಾಳಿಯನ್ನು ಮುಟ್ಟಿ ಬಂದರೆ ಒಂದು ಅಂಕ, ಜೊತೆಗೆ ಔಟಾಗಿ ಹೊರಗೆ ಕೂತ ನಮ್ಮವನೊಬ್ಬ ಒಳಗೆ ಬರುತ್ತಾನೆ. ಮೊದಲು ಔಟಾದವನು ಮೊದಲು. ಎದುರಾಳಿಗಳ ಹಿಂಬದಿಯಲ್ಲಿರುವ ಬೋನಸ್ ಗೆರೆಯಾಚೆ ಕಾಲಿಟ್ಟು ತಪ್ಪಿಸಿಕೊಂಡು ಬಂದರೂ ಒಂದು ಅಂಕವೇ. ಆದರೆ ಅದರಿಂದ ಯಾರೂ ಒಳಗೆ ಬರುವುದಿಲ್ಲ.

"ಏಳು ಮಂದಿ ನಡುವ ಐದು ಸಲ ಆ ಗೆರಿ ತನಕ ಹೋಗಿ ಬಂದಾವ ಅಂಜುಬುರುಕ ಹೆಂಗಾದಾನು?" ಎಂದರು ಅಜ್ಜಾರು.

"ಅದೆಲ್ಲಾ ನಂಗೊತ್ತಿಲ್ರೀ. ಉಳಿದವರೂ ಅಷ್ಟ. ಎದುರಿನಾವ ರೈಡಿಗೆ ಬಂದ್ರ ಹಿಂದ ಹಿಂದ ಸರೀತಾರ. ಅವನ್ನ ಹಿಡಿದಿದ್ರೂ ನಾ ಒಳಗ ಬರ್ತಿದ್ದೆ. ಹಿಡೀಲಿಲ್ಲ. ಇನ್ನ ಒಂದ ಪಂದ್ಯ ಉಳದೈತಿ. ಅದನ್ನ ಗೆಲ್ಲಲಿಲ್ಲಂದ್ರ ಕೆಳಗಿನ ಗುಂಪಿಗೆ ಬೀಳ್ತೀವಿ. ಒಂಬತ್ತು ವರ್ಷ ಈ ಮಣ್ಣಿನ್ಯಾಗ ಹೊರಳಾಡೀನಿ ನಾನು, ಕೆಳಗಿನ ಗುಂಪಿನ್ಯಾಗ ಆಡಾಕ ಅಲ್ಲ."

ಅಜ್ಜಾರು ಒಂದು ಹರಳನ್ನು ಬೆರಳಲ್ಲಿ ಹಿಡಿದು ನೋಡಿದರು.

"ಸಂಜೀಕ ಎಲ್ಲಾರನ್ನೂ ಕರಕೊಂಡು ಬಾ."

ಸಂಜೆ ತಂಡ ಬಂತು. ಎದುರು ಪಾಳೆಯಕ್ಕೆ ಮಠದ ಏಳು ಜನ ತರುಣರು ನಿಂತರು.

"ರಾಯಗೊಂಡ, ನೀ ಔಟ್," ಎಂದರು ಅಜ್ಜಾರು.

"ಆಟಾನ ಶುರು ಆಗಿಲ್ಲಲ್ರೀ."

"ಕುಂದ್ರು. ಯಮನೂರಿ, ನೀನೂ ಔಟ್. ಆದ್ರ ನೀ ಮೊದಲು ಔಟಾದಾವ. ಮುಂದ ಕುಂದ್ರು."

ಯಮನೂರಿ ಎಡಮೂಲೆಯಲ್ಲಿ ಕಾಲು ಹಿಡಿಯುವ ಆಟಗಾರ. ಅವನದೇನೂ ದೊಡ್ಡ ಆಟವಲ್ಲ. ನಗುತ್ತ ಬಂದು ಮುಂದೆ ಕೂತ. ಅವನ ಹಿಂದೆ ರಾಯಗೊಂಡ.

ದುಂಡಪ್ಪ ರೈಡಿಗೆ ಹೋದ. ಇಬ್ಬರು ಅವನ ಸೊಂಟಕ್ಕೆ ಬಿದ್ದರು. ಅವರನ್ನು ಎಳೆದುಕೊಂಡೇ ತೆವಳಿದ. ಮೊಣಕೈ ಸುಲಿದು ರಕ್ತ ಬಂತು. ನಡುಗೆರೆಗೆ ಎರಡು ಬೆರಳು ತಾಗಿಸಿದ. ಹಿಡಿದಿದ್ದ ಇಬ್ಬರೂ ಔಟ್.

"ಬಾರೋ ಯಮನೂರಿ, ನಿನ್ನ ಸಲುವಾಗಿ ತೊಗಲು ಕಳಕೊಂಡೆ," ಎಂದು ಬಿದ್ದಲ್ಲಿಂದಲೇ ಕರೆದ.

"ನಿನ್ನ ತೊಗಲಿಗೆ ಏನ ಬೆಲಿ ಐತಿ ಬಿಡೋ," ಎನ್ನುತ್ತ ಯಮನೂರಿ ಒಳಗೆ ಓಡಿದ. ತಂಡ ನಕ್ಕಿತು.

"ಅಂವಾ ಇಬ್ಬರನ್ನ ಔಟ್ ಮಾಡ್ಯಾನ. ಇನ್ನೊಬ್ಬಾವ ಒಳಗ ಬರಬೇಕಲ್ಲ," ಎಂದು ರಾಯಗೊಂಡ ಎದ್ದ.

"ಲೆಕ್ಕಕ್ಕ ಒಬ್ಬನ್ನ ಹಿಡಿ. ಇವತ್ತ ನಂದ ಕಟ್ಟಳೆ. ಕುಂದ್ರು," ಎಂದರು ಅಜ್ಜಾರು. "ದುಂಡಪ್ಪ, ಆಡು."

ದುಂಡಪ್ಪ ಮತ್ತೆ ಹೋದ. ಬೋನಸ್ ಗೆರೆ ದಾಟಿ ಬಂದ. ಅಂಕ ಒಂದು.

ಮತ್ತೆ ಹೋದ. ಬೋನಸ್.

ಇನ್ನೊಮ್ಮೆ ಹೋದ. ಬೋನಸ್. ಈಗ ಯಾರೂ ನಗುತ್ತಿರಲಿಲ್ಲ.

ಅಜ್ಜಾರು ಅವನನ್ನು ಕರೆದರು.

"ಯಾಕ ಯಾರನ್ನೂ ಮುಟ್ಟಲಿಲ್ಲ?"

"ಕೈಗೆ ಸಿಗಲಿಲ್ರೀ ಅಜ್ಜಾರ."

"ಯಮನೂರಿ ಕುಂತಾಗ ಸಿಕ್ರಲ್ಲ?"

ದುಂಡಪ್ಪ ಯೋಚಿಸಿದ. ರಾಯಗೊಂಡನ ಕಡೆ ನೋಡಿದ. ಆಮೇಲೆ ನೆಲ ನೋಡಿದ. ನೀರು ಕುಡಿದು ಬರುತ್ತೇನೆಂದು ಹೊಳೆಯ ಕಡೆ ಹೋದ.

"ನೋಡ್ರಿ," ಎಂದ ರಾಯಗೊಂಡ. ಅವನ ಕುತ್ತಿಗೆಯ ನರ ಉಬ್ಬಿತ್ತು. "ಬೇಕಂತ ಮಾಡಾಕತ್ತಾನ."

"ಬೇಕಂತ ಅಲ್ಲ. ನೀ ಹೊರಗ ಕುಂತಷ್ಟು ಹೊತ್ತು ಇವರಿಗೆ ಉಸಿರು ಆಡತೈತಿ. ಅದು ಅವನಿಗೂ ಈಗ ಗೊತ್ತಾತು."

"ನಾ ಬೈಯೂದು ಅವರ ಒಳ್ಳೇದಕ್ಕ."

"ಮೂರನೇ ಪಂದ್ಯ ಮುಗಿದ ಮ್ಯಾಲೆ ಬಸ್ಸಿನ್ಯಾಗ ಎಲ್ಲಾರ ಮುಂದ ದುಂಡಪ್ಪನ ಕಪಾಳಕ್ಕ ಹೊಡದಿ. ಅದೂ ಅವನ ಒಳ್ಳೇದಕ್ಕೇನು?"

"ಗೆದ್ದಿದ್ರ ಹೊಡೀತಿದ್ನೇನ್ರೀ?"

ಅಜ್ಜಾರು ಮಣ್ಣಿನಿಂದ ಇನ್ನೊಂದು ಹರಳು ಆರಿಸಿ ಉಡಿಗೆ ಹಾಕಿಕೊಂಡರು.

"ಆತು," ಎಂದ ರಾಯಗೊಂಡ. "ನಾಳಿದ್ದು ಪಂದ್ಯದಾಗ ಬಾಯಿ ಬಿಡೂದಿಲ್ಲ. ಒಂದ ಮಾತು ಆಡೂದಿಲ್ಲ. ಆವಾಗ ಏನ ನೆವ ಹೇಳ್ತಾರ ನೋಡೇಬಿಡೂಣು."

ಅಜ್ಜಾರು ಉಡಿಯಲ್ಲಿದ್ದ ಹರಳುಗಳನ್ನು ಹೊಳೆಗೆ ಚೆಲ್ಲಿ ಒಳಗೆ ಹೋದರು.

ಏಳನೆಯ ಪಂದ್ಯ.

ರಾಯಗೊಂಡ ಮಾತು ಉಳಿಸಿಕೊಂಡ. ಯಮನೂರಿ ಕಾಲು ಹಿಡಿಯಲು ಹೋಗಿ ಮಣ್ಣು ಹಿಡಿದಾಗಲೂ ಬೈಯಲಿಲ್ಲ. ಹಲ್ಲು ಕಚ್ಚಿಕೊಂಡ.

ಆಟ ಮುಗಿಯಲು ಎರಡು ನಿಮಿಷ ಇದ್ದಾಗ ಅವನೇ ಔಟಾದ. ಹೊರಗೆ ಕೂತವನು ಅವನೊಬ್ಬನೇ. ತಂಡ ಎರಡು ಅಂಕ ಹಿಂದಿತ್ತು.

ದುಂಡಪ್ಪ ರೈಡಿಗೆ ಹೋದ. ಎದುರಾಳಿ ತಂಡದ ಬಲಮೂಲೆಯ ದಡೂತಿ ಆಟಗಾರ ಕಾಲು ಜಾರಿ ಮೊಣಕಾಲ ಮೇಲೆ ಬಿದ್ದ. ದುಂಡಪ್ಪನಿಂದ ಒಂದು ಮೊಳ ದೂರ. ಕೈ ಚಾಚಿದರೆ ಮುಗಿಯಿತು, ಅಂಕವೂ ಬರುತ್ತದೆ, ನಾಯಕನೂ ಬರುತ್ತಾನೆ.

ದುಂಡಪ್ಪನ ಕೈ ಎದ್ದಿತು. ಅವನು ಒಮ್ಮೆ ಹೊರಗೆ ಕೂತ ರಾಯಗೊಂಡನನ್ನು ನೋಡಿದ.

ಕೈ ಇಳಿಯಿತು. ಕಾಲು ಬೋನಸ್ ಗೆರೆ ದಾಟಿತು. ವಾಪಸು ಬಂದ.

ಎದುರಾಳಿ ಬಂದು ಬರಿಗೈಯಲ್ಲಿ ಹೋದ. ದುಂಡಪ್ಪ ಮತ್ತೆ ಹೋಗಿ ಮತ್ತೊಂದು ಬೋನಸ್ ತಂದ. ಅಂಕ ಸಮ ಆಯಿತು. ಕೊನೆಯ ರೈಡಿನಲ್ಲಿ ಎದುರಾಳಿ ಯಮನೂರಿಯ ಭುಜ ಮುಟ್ಟಿ ಹೋದ. ಸೀಟಿ ಊದಿದರು.

ಒಂದು ಅಂಕದ ಸೋಲು. ತಂಡ ಕೆಳಗಿನ ಗುಂಪಿಗೆ ಬಿತ್ತು.

ಬಸ್ಸಿನಲ್ಲಿ ರಾಯಗೊಂಡ ಯಾರನ್ನೂ ಮುಟ್ಟಲಿಲ್ಲ. ಬಸ್ಸು ಮಠದ ಮುಂದೆ ನಿಂತಾಗ ಎಲ್ಲರಿಗಿಂತ ಕೊನೆಗೆ ಇಳಿದು, ಉಳಿದವರು ಊಟಕ್ಕೆ ಕೂತ ಮೇಲೆ ಅಜ್ಜಾರ ಹತ್ತಿರ ಹೋಗಿ ನಿಂತ.

"ಒಂದ ಮಾತು ಆಡಲಿಲ್ಲ ನಾ. ಯಾರನ್ನ ಬೇಕಾದ್ರೂ ಕೇಳ್ರಿ. ಅಷ್ಟಾದ್ರೂ ಆ ಮಗ ಮುಟ್ಟಲಿಲ್ಲ. ಮೊಳ ದೂರ ಇದ್ದ ಆ ದಡಿಯ. ಮೊಳ."

"ದುಂಡಪ್ಪನ್ನ ಈಗ ಬಾಗಿಲದಾಗ ಕೇಳಿದೆ."

"ಏನಂದ?"

"'ದಿನಾ ಬೈಯಾವ ಇವತ್ತ ಬಾಯಿ ಬಿಡವಲ್ಲ. ಏನೋ ದೊಡ್ಡದ ನಂಗ ಕಾದೈತಿ ಅನಿಸ್ತು, ಕೈ ಮುಂದ ಹೋಗಲಿಲ್ಲ' ಅಂದ."

ರಾಯಗೊಂಡ ಹಣೆಗೆ ಕೈ ಹೊಡೆದುಕೊಂಡ.

"ಬೈದ್ರೂ ತಪ್ಪು, ಸುಮ್ಮನಿದ್ರೂ ತಪ್ಪು. ಹಂಗಾರ ನಾ ಏನ ಸಾಯಬೇಕೇನ್ರೀ?"

ಅಜ್ಜಾರ ದನಿಯೂ ಈಗ ಏರಿತು.

"ಆರು ಸಲ ತೂಕದಾಗ ಮೋಸ ಮಾಡಿದ ಅಂಗಡಿಯಾವ ಏಳನೇ ಸಲ ಸರಿ ತೂಗಿದ. ತಕ್ಕಡಿ ಒಳಗ ಏನೈತಿ ಅಂತ ಗಿರಾಕಿಗೆ ಹೆಂಗ ತಿಳೀಬೇಕು? ನೀ ಸುಮ್ಮನಿದ್ದಿ, ಖರೆ. ಅವರ ಮ್ಯಾಲಿನ ಸಿಟ್ಟಿಗೇ ಸುಮ್ಮನಿದ್ದಿ. ಅದನ್ನ ನಿನ್ನ ಮಾರಿ ನೋಡಿದ ಯಾವನಾದ್ರೂ ಓದ್ಯಾನು."



"ನಾಯಕನ ಕೆಲಸ ನಂಗ ಬ್ಯಾಡ," ಎಂದ ರಾಯಗೊಂಡ. "ಯಮನೂರಿಗೆ ಕೊಡ್ರಿ."

"ತಂಡ ಕೆಡವಿದಾವ ನೀನು. ಎತ್ತೂದು ಯಮನೂರಿ ಕೆಲಸ ಏನು? ಮುಂದಿನ ವರ್ಷ ಕೆಳಗಿನ ಗುಂಪಿನ್ಯಾಗ ನೀನ ನಾಯಕ."

ರಾಯಗೊಂಡ ಹೊಳೆಯ ಕಡೆ ತಿರುಗಿದ. ಹೊಳೆಯ ಮೆಟ್ಟಿಲ ಮೇಲೆ ದುಂಡಪ್ಪ ಒಬ್ಬನೇ ಕೂತಿದ್ದ. ಊಟಕ್ಕೆ ಕರೆದರೂ ಬಂದಿರಲಿಲ್ಲ.

"ಅವನ ಕಡೆ ಹೋಗಲೇನ್ರೀ ಅಜ್ಜಾರ?"

"ಹೋಗು. ನಿನ್ನ ನೋಡಿ ಅವ ಅಂಜಿ ಎದ್ದು ನಿಂತ್ರ, ಏನೂ ಮಾತಾಡಬ್ಯಾಡ, ತಿರುಗಿ ಬಾ. ನಾಳೆ ಮತ್ತ ಹೋಗು."